ಬಂಗಾರ ಭಂಗಾರವಾದದ್ದು

ಇವತ್ತು ಬೆಳಿಗ್ಗೆ ನಮ್ಮ ಗಲ್ಲಿಗೆ ಗುಜರಿಯವನ ಗಾಡಿ ಬಂದಿತ್ತು. ಈಗ ಅವನು ಬಾಯಿಂದ ಕೂಗುವುದಿಲ್ಲ. ಒಂದು ಸಲ ಕೂಗಿದ್ದನ್ನು ಡಬ್ಬಿಯಲ್ಲಿ ತುಂಬಿಸಿಕೊಂಡಿದ್ದಾನೆ, ಅದೇ ಕೂಗುತ್ತ ಹೋಗುತ್ತದೆ: “ಭಂಗಾರ, ಭಂಗಾರವಾಲೇ!” ಪುಣೆಯ ಮಾತು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಇಲ್ಲಿ ಭಂಗಾರ ಅಂದರೆ ಮುರುಕು ಸಾಮಾನು, ತುಕ್ಕು ಹಿಡಿದ ಕಬ್ಬಿಣ, ಮನೆಯಿಂದ ಆಚೆ ಹೋದರೆ ಸಾಕು ಅನ್ನಿಸುವಂಥದ್ದು. ನಮ್ಮಲ್ಲಿ ಬಂಗಾರ ಅಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ. ಮದುವೆಯಾಗಿ ಯಾದಗಿರಿ ಕಡೆಯಿಂದ ಬಂದ ಹೊಸತರಲ್ಲಿ ಈ ಕೂಗು ಕೇಳಿ, ಈ ಊರಿನಲ್ಲಿ ಬಂಗಾರವನ್ನು ತಳ್ಳುಗಾಡಿಯಲ್ಲಿ ಮಾರುತ್ತಾರೆ ಎಂದುಕೊಂಡು ಹೊರಗೆ ಓಡಿದ್ದೆ. ನೋಡಿದರೆ ತೂತು ಬಿದ್ದ ಕೊಡ, ಸೊಟ್ಟಗಾದ ಸೈಕಲ್ ಗಾಲಿ. ನನ್ನ ಗಂಡ ಎರಡು ದಿನ ನಕ್ಕ. ಅವನು ಗೌಂಡಿ, ಗೋಡೆ ಕಟ್ಟುವವನು. ನಾನು ಅವನಿಗೆ ಇಟ್ಟಿಗೆ ಹೊತ್ತು ಕೊಡುವವಳು. ಆ ದಿನಗಳಲ್ಲಿ ನಗುವುದಕ್ಕೆ ಬೇರೆ ಏನೂ ಇರಲಿಲ್ಲ, ನಗಲಿ ಎಂದು ಬಿಟ್ಟೆ.

ಅದೇ ಮಾತು ಎರಡು ವರ್ಷದ ಹಿಂದೆ ಇನ್ನೊಮ್ಮೆ ನನ್ನನ್ನು ನಗೆಗೀಡು ಮಾಡಿತು. ಅದನ್ನು ಹೇಳಬೇಕೆಂದರೆ ನನ್ನ ಮಗನ ಮಗಳು ಅಂಬಿಕಾಳ ಕಂಪ್ಯೂಟರಿನ ವಿಷಯ ಹೇಳಬೇಕು.

ಮಗ, ಸೊಸೆ ಇಬ್ಬರೂ ಕಾರ್ಖಾನೆಗೆ ಹೋಗುವವರು. ಪುಣೆಯ ಪಕ್ಕದ ನಿಗಡಿಯ ಈ ಎರಡು ಕೋಣೆಗಳಲ್ಲಿ ಹಗಲು ಇರುವವರು ನಾನು, ಅಂಬಿಕಾ. ಕಾಲೇಜಿನಿಂದ ಬಂದವಳೇ ಕೂತು ಬಂದೂಕಿನ ಆಟ ಆಡುತ್ತಾಳೆ. ಆಡಿದರೆ ಸಾಲದು, ಆಡುವುದನ್ನು ಆಗಿಂದಾಗಲೇ ಊರವರಿಗೆಲ್ಲ ತೋರಿಸಬೇಕು. ಅದಕ್ಕೆ ಲೈವ್ ಅನ್ನುತ್ತಾರೆ. ಇವಳು ಆಡುತ್ತ ಮರಾಠಿಯಲ್ಲಿ ಹರಟುವುದು, ಎಲ್ಲೆಲ್ಲೋ ಕೂತವರು ಅದನ್ನು ನೋಡಿ ಬರೆದು ಕಳಿಸುವುದು, ಇವಳು ಅದನ್ನು ಓದಿ ನಗುವುದು. ಕುಸ್ತಿ ನೋಡಲು ಜನ ಸೇರುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಕಡೇಪಕ್ಷ ಮೈಗೆ ಮಣ್ಣಾದರೂ ಹತ್ತುತ್ತಿತ್ತು.

ಖಡಕಿಯಲ್ಲಿ ಒಂದು ಕಚೇರಿಯವರು ಬಿಸಾಡುತ್ತಿದ್ದ ಕಂಪ್ಯೂಟರನ್ನು ನನ್ನ ಮಗ ಕೇಳಿ ತಂದಿದ್ದ. ಪತ್ರ ಬರೆಯಲು ಮಾಡಿದ ಯಂತ್ರ ಅದು. ಆಟ ಆಡಿಸು ಎಂದರೆ ಹೇಗೋ ಆಡಿಸುತ್ತಿತ್ತು. ಆಡಿಸುತ್ತಲೇ ಜನರಿಗೂ ತೋರಿಸು ಎಂದರೆ ಚಿತ್ರ ನಿಂತುಬಿಡುತ್ತಿತ್ತು, ಹುಡುಗಿಯ ಮಾತು ಬಿಕ್ಕಳಿಕೆ ಬಂದವರ ಹಾಗೆ ತುಂಡು ತುಂಡಾಗುತ್ತಿತ್ತು. ಒಂದು ದಿನ ಅಳುತ್ತ ಕೂತಿದ್ದಳು.

“ಅಜ್ಜಿ, ನಾ ಮಾತಾಡೂದು ಯಾರಿಗೂ ಕೇಳ್ಸೂದಿಲ್ಲ.”

“ಅದಕ್ಕ ವಯಸ್ಸಾಗ್ಯಾದ. ನನಗೂ ಆಗ್ಯಾದ. ನಾ ಮಾತಾಡಿದ್ರ ಯಾರು ಕೇಳ್ತೀರಿ?”

ಹೊಸದು ತರುವ ಮಾತೇ ಇರಲಿಲ್ಲ. ಹಳೆಯ ಡಬ್ಬಿಯೊಳಗೆ ಹೊಸ ಬಿಡಿಭಾಗ ಹಾಕಬಹುದು ಎಂದಳು. ಅದು ನನಗೆ ತಿಳಿಯುವ ಮಾತು. ನಿಂತ ಮನೆಯ ಒಂದು ಗೋಡೆ ಒಡೆದು ಗಟ್ಟಿ ಗೋಡೆ ಏರಿಸುವುದನ್ನು ಎಷ್ಟು ಸಲ ಮಾಡಿಲ್ಲ! ನಾನೇ ಅವಳನ್ನು ಬಾಪೂನ ಗುಜರಿ ಅಂಗಡಿಗೆ ಕರೆದುಕೊಂಡು ಹೋದೆ. ಕಟ್ಟಡದಲ್ಲಿ ಉಳಿದ ಕಬ್ಬಿಣದ ತುಂಡುಗಳನ್ನು ನಾವು ಅವನಿಗೇ ಹಾಕುತ್ತಿದ್ದೆವು. “ಕಾಯ ಆಜೀ, ಯಾ ವಯಾತ ಗೇಮ?” ಎಂದು ನಕ್ಕ. ಈ ವಯಸ್ಸಿನಲ್ಲಿ ಆಟ ಬೇಕೇ ಎಂದು. “ನಿನ್ನ ಅಂಗಡಿಯನ್ನೇ ಆಡಿಸಿಬಿಡುತ್ತೇನೆ, ತೆಗೆ ಒಳಗಿನದು” ಎಂದು ಮರಾಠಿಯಲ್ಲೇ ಕೊಟ್ಟೆ.

ಮುಚ್ಚಿಹೋದ ಯಾವುದೋ ಕಂಪ್ಯೂಟರ್ ಕ್ಲಾಸಿನ ಸಾಮಾನು ಅವನ ಹತ್ತಿರ ರಾಶಿ ಬಿದ್ದಿತ್ತು. ಅದರಲ್ಲಿ ಬಾಚಣಿಗೆಯಂಥ ಎರಡು ಪಟ್ಟಿ ಸಿಕ್ಕವು. ರ‍್ಯಾಮ್ ಅನ್ನುತ್ತಾರೆ, ಯಂತ್ರದ ನೆನಪಂತೆ. ಎರಡು ಫ್ಯಾನು ಹಚ್ಚಿದ ಗ್ರಾಫಿಕ್ಸ್ ಕಾರ್ಡು ಸಿಕ್ಕಿತು. ಚಿತ್ರ ಓಡಿಸುವುದು ಅದು. ಮನೆಗೆ ತಂದು ನೆಲದ ಮೇಲೆ ಹಾಸಿಗೆಯ ಚಾದರ ಹಾಸಿ ಡಬ್ಬಿ ಬಿಚ್ಚಿದೆವು. ಒಳಗೆ ಬೆಕ್ಕು ಮರಿ ಹಾಕುವಷ್ಟು ಕಸ. ನಾನು ಹಳೆಯ ಬ್ರಶ್ಶಿನಿಂದ ಕೆರೆದೆ. ಅವಳು ಪಟ್ಟಿಗಳ ಅಂಚನ್ನು ಅಳಿಸುವ ರಬ್ಬರಿನಿಂದ ತಿಕ್ಕಿದಳು, ಹಳದಿಯಾಗಿ ಹೊಳೆಯಿತು. ಅದಕ್ಕೆ ಬಂಗಾರದ ನೀರು ಕೊಟ್ಟಿರುತ್ತಾರಂತೆ. ಬಾಪೂಗೆ ಹೇಳಬೇಡ ಎಂದೆ.

ಆಮೇಲೆ ಯಂತ್ರದ ಮಿದುಳು ಅನ್ನುವ ಚೌಕದ ಮೇಲೆ ಒಂದು ಬಿಳಿಯ ಮುಲಾಮು ಹಿಂಡತೊಡಗಿದಳು. ಕಾವು ಇಳಿಸಲು ಮೇಲೆ ಕೂರುವ ಫ್ಯಾನಿಗೂ ಅದಕ್ಕೂ ನಡುವೆ ಅದು ಬೇಕು.

“ಸಾಕು, ಸಾಕು. ಗಚ್ಚು ದಪ್ಪ ಆದ್ರ ಗ್ವಾಡಿ ಕುಂದರೂದಿಲ್ಲ.”

“ಇದು ಗ್ವಾಡಿ ಅಲ್ಲ ಅಜ್ಜಿ.”

“ಎರಡು ಕಲ್ಲಿನ ನಡುವ ಏನ್ ಹಚ್ಚಿದ್ರೂ ತೆಳ್ಳಗ ಹಚ್ಚಬೇಕು.”

ಫೋನಿನಲ್ಲಿ ಹುಡುಕಿ ನೋಡಿ, ತುಟಿ ಕಚ್ಚಿಕೊಂಡು, ಅರ್ಧ ಒರೆಸಿ ತೆಗೆದಳು. ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಯಂತ್ರ ಎದ್ದಿತು. ಆಟ ಶುರು ಮಾಡಿದೊಡನೆ ಟಪ್ಪೆಂದು ಸತ್ತಿತು. ಮೂರು ಸಲ ಹಾಗೇ. “ಹಳೇ ಬುನಾದಿ ಮ್ಯಾಲ ಮಾಳಿಗಿ ಏರಿಸೀದಿ,” ಎಂದೆ. “ಇದರಾಗ ಬುನಾದಿ ಯಾವುದು?” ಹುಡುಗಿ ನನ್ನ ಮುಖ ನೋಡಿದಳು, ಡಬ್ಬಿಯ ಮೂಲೆಯಲ್ಲಿದ್ದ, ಒಳಗೆಲ್ಲ ಕರೆಂಟು ಹಂಚುವ ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಮರುದಿನ ಬಾಪೂನ ಹತ್ತಿರ ಹೋಗಿ ದೊಡ್ಡ ಪೆಟ್ಟಿಗೆ ತಂದೆವು. ಅದಾದ ಮೇಲೆ ಯಂತ್ರ ಸಾಯಲಿಲ್ಲ. ಅವಳು ಯಾರಿಂದಲೋ ಒಂದು ಮೈಕನ್ನೂ ತಂದು ಬಾಯಿಯ ಮುಂದೆ ನಿಲ್ಲಿಸಿಕೊಂಡಳು, ಕಪ್ಪು ಬದನೆಕಾಯಿಯ ಹಾಗೆ.

ಮೊದಲ ಲೈವ್ ಸಂಜೆ ಐದಕ್ಕೆ. ನಾನು ಅಡುಗೆಮನೆಯಿಂದ ಕಿವಿಗೊಟ್ಟಿದ್ದೆ. ಯಂತ್ರ ನಿಲ್ಲಲಿಲ್ಲ. ನೋಡುವವರು ಮಾತು ಸ್ವಚ್ಛವಾಗಿ ಕೇಳಿಸುತ್ತದೆ ಎಂದು ಬರೆದದ್ದನ್ನು ಅವಳು ಜೋರಾಗಿ ಓದಿದಳು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬಿಸಿ ರೊಟ್ಟಿ, ಪುಂಡಿಪಲ್ಯ ತಟ್ಟೆಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, “ಉಣ್ಣ ಬಾ ನನ್ನ ಬಂಗಾರಾ” ಎಂದುಬಿಟ್ಟೆ. ಅಂಥ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಹೆತ್ತ ಮಗನಿಗೇ ಅಂದವಳಲ್ಲ. ಹಾಲು ಕೊಡುತ್ತಿದ್ದ ಎಮ್ಮೆಗೆ ಒಂದೆರಡು ಸಲ ಅಂದಿರಬಹುದು.

ಅದೂ ಮೈಕಿಗೆ ಬಿತ್ತು, ನೋಡುವವರು ಬರೆದದ್ದೇ ಬರೆದದ್ದು. ಅವಳು ಓದುತ್ತ ಬಿದ್ದು ಬಿದ್ದು ನಕ್ಕಳು. ಹಿಂದೆ ಭಂಗಾರ ಎಂದು ಕೂಗುವವರು ಯಾರು? ಕಂಪ್ಯೂಟರ್ ಗುಜರಿಗೆ ಹಾಕಿದೆಯಾ? ನಿನ್ನನ್ನೇ ತೂಕಕ್ಕೆ ಹಾಕುತ್ತಿದ್ದಾರಾ? ಅಲ್ಲಿಯವರೆಗೆ ನನಗೆ ಏನೂ ಅನ್ನಿಸಲಿಲ್ಲ. ಗಂಡ ನಕ್ಕದ್ದನ್ನು ಕಂಡವಳು ನಾನು. ಆಮೇಲೆ ಯಾರೋ, ಅವಳು ನಿನ್ನ ಅಜ್ಜಿಯೇ ಎಂದು ಕೇಳಿದರು. ಅವಳು ಆಟದಿಂದ ಕಣ್ಣು ತೆಗೆಯದೆ ಹೇಳಿದಳು:

“ನಾಹೀ ರೇ. ಕಾಮಾಲಾ ಯೇಣಾರೀ ಮಾವಶೀ.”

ಮಾವಶಿ ಅಂದರೆ ತಾಯಿಯ ತಂಗಿ. ಪುಣೆಯಲ್ಲಿ ಪಾತ್ರೆ ತಿಕ್ಕಲು ಬರುವವಳನ್ನೂ ಮರ್ಯಾದೆಗೆ ಹಾಗೇ ಕರೆಯುತ್ತಾರೆ. ಅಲ್ಲಪ್ಪ, ಕೆಲಸಕ್ಕೆ ಬರುವ ಮಾವಶಿ, ಅಂದಳು. ತಟ್ಟೆ ಕೈಯಲ್ಲೇ ಇತ್ತು. ನಲವತ್ತು ವರ್ಷ ಇಲ್ಲಿನ ಮುಕಾದಮರ, ಅಂದರೆ ಮೇಸ್ತ್ರಿಗಳ, ಬೈಗುಳ ತಿಂದವಳಿಗೆ ಇಷ್ಟು ಮರಾಠಿ ತಿಳಿಯುವುದಿಲ್ಲವೇ? ಕೆಲಸಕ್ಕೆ ಹೋದದ್ದಕ್ಕೆ ನನಗೆ ನಾಚಿಕೆ ಇಲ್ಲ. ಈ ಸಾಲಿನ ಅರ್ಧ ಮನೆಗಳು ನಾನು ಹೊತ್ತ ಇಟ್ಟಿಗೆಯವು. ಆದರೆ ಈ ಮನೆಗೆ ನಾನು ಬರುವವಳಲ್ಲ, ಇರುವವಳು.

ತಟ್ಟೆ ಇಟ್ಟು ಬಂದೆ. ಆ ಹಳೆಯ ಯಂತ್ರ ಹಾಗೇ ಇದ್ದಿದ್ದರೆ ನನ್ನ ಮಾತೂ ಅವಳ ಮಾತೂ ಅದರ ಗಂಟಲಲ್ಲೇ ಸಿಕ್ಕಿಕೊಂಡಿರುತ್ತಿದ್ದವು. ಅದರ ಗಂಟಲು ಬಿಡಿಸಿದ್ದು ನನ್ನ ಕೈ.

ಅವಳ ಕಾಲೇಜಿನವರೂ ನೋಡುತ್ತಾರೆ, ತಾನು ಮೂಲ ಪುಣೆಯವಳೆಂದು ಅವರಿಗೆ ಹೇಳಿಕೊಂಡಿದ್ದಳು ಎಂದು ಆಮೇಲೆ ಗೊತ್ತಾಯಿತು. ಆ ದಿನ ಖಾಲಿ ತಟ್ಟೆ ತಂದಿಟ್ಟು, “ಸಿಟ್ಟಾಗೀಯೇನ್ ಅಜ್ಜಿ? ಬಂಗಾರ ಅಂದಿದ್ದಕ್ಕ ನಕ್ಕರು, ಅಷ್ಟ” ಎಂದಳು. ನಾನು ನಗುವಿಗೆ ನೊಂದೆ ಎಂದುಕೊಂಡಿದ್ದಳು. “ಇಲ್ಲ ಅಂಬಿಕಾ” ಎಂದೆ. ಅದುವರೆಗೆ ಅವಳು ನನಗೆ ಅಂಬಿ. ಹೆಸರು ಉದ್ದವಾದದ್ದು ಅವಳ ಕಿವಿಗೆ ಬೀಳಲಿಲ್ಲ.

ನನ್ನ ಆ ಕೂಗು ಮಾತ್ರ ಹೆಸರು ಮಾಡಿತು. ಯಾರೋ ಅದಷ್ಟನ್ನೇ ಕತ್ತರಿಸಿ ಮತ್ತೆ ಮತ್ತೆ ಹಾಕಿದರು. ಭಂಗಾರದ ಮುದುಕಿಯನ್ನು ತೋರಿಸು ಎಂದು ಈಗಲೂ ಕೇಳುತ್ತಾರಂತೆ. “ಒಂದ ಸಲ ಅನ್ನು ಅಜ್ಜಿ” ಎಂದು ಇವಳು ಸೆರಗು ಹಿಡಿದು ಜಗ್ಗುತ್ತಾಳೆ. ಗ್ಯಾಸ್ ಮುಗಿದಿದೆ, ಮೊಣಕಾಲು ನೋಯುತ್ತಿದೆ ಎಂದು ಎರಡು ವರ್ಷದಿಂದ ತಪ್ಪಿಸಿಕೊಂಡು ಬಂದಿದ್ದೇನೆ.

ಇವತ್ತು ಸಂಜೆ ಹಿಟ್ಟು ನಾದುತ್ತಿದ್ದೆ. ಕೋಣೆಯಿಂದ ಕೂಗಿದಳು: “ಅಜ್ಜೀ, ಬಾ ಇಲ್ಲಿ. ಎಲ್ಲಾರೂ ನಿನ್ನ ಕೇಳಾಕತ್ತಾರ.”

ನಾನು ಎದ್ದು ಬಾಗಿಲ ತನಕ ಹೋದೆ. ಒಳಗೆ ಕಾಲಿಡಲಿಲ್ಲ. ಎಲ್ಲರಿಗೂ ತಿಳಿಯಲಿ ಎಂದು ಮರಾಠಿಯಲ್ಲೇ ಹೇಳಿದೆ: “ಮಾವಶೀ ಆಜ ಯೇಣಾರ ನಾಹೀ. ಸುಟ್ಟೀ.” ಮಾವಶಿ ಇವತ್ತು ಬರುವುದಿಲ್ಲ, ರಜೆ.

ಹುಡುಗಿಯ ಕೈ ಗುಂಡಿಗಳ ಮೇಲೆ ನಿಂತಿತು. ತಿರುಗಿ ನೋಡಿದಳು. ಎರಡು ವರ್ಷದ ಹಿಂದೆ ತಾನು ಅಂದ ಮಾತು ಆಗ ಅವಳ ಮುಖದ ಮೇಲೆ ಬಂತು. ನಾನು ನೋಡಿ, ತಿರುಗಿ ಒಲೆಯ ಹತ್ತಿರ ಬಂದೆ. ಬೆನ್ನ ಹಿಂದೆ ಅವಳು ಜನರಿಗೆ ಹೇಳುವುದು ಕೇಳಿಸಿತು, ಸಣ್ಣ ದನಿಯಲ್ಲಿ: “ಆಜೀ ಝೋಪಲೀ ಆಹೇ.”

ಅಜ್ಜಿ ಮಲಗಿದ್ದಾಳೆ. ಅಂತೂ ಅಜ್ಜಿ ಅಂದಳು, ಅದನ್ನೂ ಒಂದು ಸುಳ್ಳಿನೊಳಗೆ ಸುತ್ತಿ.

ಹಿಟ್ಟಿನ ಮುದ್ದೆಯನ್ನು ಕಲ್ಲಿನ ಮೇಲಿಟ್ಟು, ಯಾವತ್ತಿಗಿಂತ ಜೋರಾಗಿ ರೊಟ್ಟಿ ಬಡಿಯತೊಡಗಿದೆ. ಮೈಕು ಒಳ್ಳೆಯದು. ಎಲ್ಲರಿಗೂ ಕೇಳಿಸಿರಬೇಕು.