ರಸ್ತೆಗೆ ಬಿದ್ದ ಬಿತ್ತನೆ ರಾಗಿ

ಮಾಗಡಿಯಲ್ಲಿ ದೇವರ ದರ್ಶನ ಮುಗಿಸಿ ಸೋಲೂರಿನ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಅದೂ ಸ್ವಾಮಿಯ ದಯೆಯೇ. ದಾರಿಯಲ್ಲಿ ಒಂದು ಊರಿನ ಮುಂದೆ ರಾಗಿ ತೆನೆಯನ್ನು ರಸ್ತೆಗೇ ಹರವಿದ್ದರು. ಗಾಡಿಗಳು ಹರಿದರೆ ಒಕ್ಕಣೆ ತಾನಾಗಿಯೇ ಆಗುತ್ತದೆ. ಅಷ್ಟರಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದರು.

"ಒಸಿ ತಡಿಯಪ್ಪ! ನನ್ ಸೊಸೆ ಬಿತ್ನೆ ತೆನೆನೂ ಇದ್ರಲ್ಲೇ ಸುರಿದ್ಬುಟ್ಟವ್ಳೆ."

"ಕಟ್ಟಿನ್ ಮೇಲೆ ಹೆಸ್ರು ಬರ್ದಿತ್ತಾ ಅತ್ತೆ?" ಎನ್ನುತ್ತಲೇ ಸೊಸೆಯೂ ಅಜ್ಜಿಯ ಜೊತೆ ಕೂತು ತೆನೆ ಆಯತೊಡಗಿದಳು.

ನಾನೂ ಇಳಿದೆ. ದಪ್ಪ ತೆನೆಯೊಂದನ್ನು ಆರಿಸಿ ಕೊಟ್ಟರೆ ಅಜ್ಜಿ ಅದನ್ನು ಪಕ್ಕಕ್ಕೆಸೆದರು.

"ಅದು ಬೋರ್‌ವೆಲ್ ಪಕ್ಕದ್ದು ಕಣವ್ವ, ನೀರು ಕುಡ್ದು ಕೊಬ್ಬೈತೆ. ಈ ಸಣ್ಣವು ದಿಣ್ಣೆ ಮೇಲಿನವು. ಈಗೀಗ ತೆನೆ ಕಟ್ಟೋ ಹೊತ್ಗೆ ಮಳೆ ನಿಂತೋಯ್ತದೆ. ಅದ್ಕೂ ಮುಂಚೆನೇ ಕೆಲವು ಪೈರು ತೆನೆ ಕಟ್ಟಿರ್ತವಲ್ಲ, ವರ್ಷ ವರ್ಷ ಅವನ್ನೇ ಬಿತ್ನೆಗೆ ಎತ್ತಿಡ್ತೀನಿ. ಈಗ ನಮ್ಮೊಲದಾಗೆ ಅರ್ಧ ರಾಗಿ ಬೇಗನೇ ತೆನೆಗೆ ಬತ್ತೈತೆ. ಇವು ಹೋದ್ರೆ ಮತ್ತೆ ಮೊದ್ಲಿಂದ."

ದೊಡ್ಡ ತೆನೆಯನ್ನೇ ಬೀಜಕ್ಕಿಡುತ್ತಾರೆಂದು ನಾನು ಇಷ್ಟು ದಿನ ತಿಳಿದಿದ್ದೆ.

ಡ್ರೈವರ್ ಹಾರನ್ ಹೊಡೆದ. "ಅಜ್ಜಿ, ಸೋಲೂರು ಇವತ್ತೇ ಸೇರ್ಬೇಕು!"

ಎಲ್ಲವೂ ಸಿಕ್ಕಿರಲಿಲ್ಲ. ಅಜ್ಜಿ ಮಡಿಲಲ್ಲಿದ್ದಷ್ಟನ್ನು ನೋಡಿ, "ಒಂದು ಪಾತಿ ಪೈರಿಗಾಯ್ತದೆ, ಬುಡು" ಎಂದು ಅದನ್ನು ಕಣ್ಣಿಗೊತ್ತಿಕೊಂಡರು. ನಾನು ಮತ್ತೆ ಬಸ್ಸು ಹತ್ತಿದೆ. ಅಜ್ಜಿ ಸೊಸೆಯನ್ನೂ ಎಳೆದುಕೊಂಡು ರಸ್ತೆಯ ಪಕ್ಕಕ್ಕೆ ಸರಿದು ಡ್ರೈವರನಿಗೆ ಕೂಗಿದರು:

"ಹೂಂ, ಈಗ ಹೋಗು. ಚೆನ್ನಾಗಿ ತುಳ್ಕೊಂಡೋಗು, ತೆನೇಲಿ ಒಂದ್ ಕಾಳೂ ಉಳೀಬಾರ್ದು!"