ಅತ್ತೆಯ ನಿಲುವು

ಮೊನ್ನೆ ಭಾನುವಾರ ಮಗಳು ಅನಘಾ ನನ್ನ ಫೋನಿಗೆ ಒಂದು ಫೋಟೊ ಕಳಿಸಿದಳು, ಪಕ್ಕದ ಕೋಣೆಯಿಂದಲೇ. ಈಗೆಲ್ಲ ಹಾಗೆ, ಹೊಸಿಲಿನ ಈಚೆಯಿಂದ ಆಚೆಗೂ ಟಪಾಲು. ನೆಂಟರ ಮನೆಯ ಗೃಹಪ್ರವೇಶದಲ್ಲಿ ತೆಗೆದದ್ದು. ಕನ್ನಡಕ ಹುಡುಕಿಕೊಂಡು ನೋಡಿದೆ. ಮುಖ ನನ್ನದೇ, ಹಸಿರು ರೇಷ್ಮೆ ಸೀರೆಯೂ ನನ್ನದೇ. ತೋಳು ಮಾತ್ರ ಇನ್ಯಾರದೋ.

"ನನ್ನ ತೋಳು ಏನಾಯ್ತೇ?" ಎಂದು ಕೂಗಿದೆ.

"ಸ್ವಲ್ಪ ಸಣ್ಣ ಮಾಡ್ದೆ ಅಷ್ಟೇ ಅಮ್ಮಾ. ಚೆನ್ನಾಗಿ ಕಾಣ್ತಿದೀಯಲ್ಲ?"

ಚೆನ್ನಾಗಿಯೇ ಕಾಣುತ್ತಿದ್ದೆ. ಅದೇ ನೋಡಿ ತೊಂದರೆ. ಬೈಯಲೆಂದು ಬಾಯಿ ತೆರೆದವಳು ಇನ್ನೊಂದು ಸಲ ನೋಡಿದೆ, ಮತ್ತೂ ಒಂದು ಸಲ ನೋಡಿದೆ. ಖುಷಿಯಾಯಿತೋ ಅವಮಾನವಾಯಿತೋ ಗೊತ್ತಾಗುವಷ್ಟರಲ್ಲಿ ಒಲೆಯ ಮೇಲೆ ಒಗ್ಗರಣೆ ಸೀದುಹೋಗಿತ್ತು.

ಶಾರದತ್ತೆ ನೆನಪಾದದ್ದು ಆಗ. ನಮ್ಮಪ್ಪನ ಅಕ್ಕ. ಎನ್.ಆರ್. ಕಾಲೋನಿಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದರು, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಅಟ್ಟದ ಮೇಲಿನ ಪಾತ್ರೆ ಇಳಿಸಲು ಅವರಿಗೆ ಸ್ಟೂಲು ಬೇಕಿರಲಿಲ್ಲ, ಅಷ್ಟು ಎತ್ತರ. ಆದರೆ ಬೀದಿಯಲ್ಲಿ ನೋಡಿದವರಿಗೆ ಅದು ತಿಳಿಯುತ್ತಿರಲಿಲ್ಲ. ಕಿವಿಯೋಲೆ ಬೀಳಿಸಿಕೊಂಡು ಹುಡುಕುವವರ ಹಾಗೆ ಕತ್ತು ಬಗ್ಗಿಸಿ, ಭುಜ ಒಳಗೆಳೆದುಕೊಂಡು ನಡೆಯುತ್ತಿದ್ದರು. ಮಾವ ಅವರ ಭುಜದಷ್ಟಿದ್ದರು. ಯಾವ ಫೋಟೊದಲ್ಲಿ ನೋಡಿ, ಅತ್ತೆ ಕುರ್ಚಿಯಲ್ಲಿ ಕೂತಿರುತ್ತಾರೆ, ಮಾವ ಪಕ್ಕದಲ್ಲಿ ನಿಂತಿರುತ್ತಾರೆ, ಮಹಾರಾಣಿಯ ದಿವಾನರಂತೆ.

ನನಗೂ ಅದೇ ಎತ್ತರ ಬಂತು. ನಮ್ಮಜ್ಜಿ ನನ್ನನ್ನು ಕಂಡಾಗಲೆಲ್ಲ "ಸಾಕು, ಇನ್ನು ನಿಲ್ಸೇ" ಅನ್ನುತ್ತಿದ್ದರು, ಬೆಳೆಯುವುದು ನನ್ನ ಕೈಯಲ್ಲಿದ್ದ ಹಾಗೆ. ನಾನೂ ನಿಲ್ಲಿಸಲು ನೋಡಿದೆ. ಸ್ಕಿಪ್ಪಿಂಗ್ ಆಡಿದರೆ ಉದ್ದವಾಗುತ್ತಾರೆ ಎಂದು ಯಾರೋ ಹೇಳಿದ್ದಕ್ಕೆ ಹಗ್ಗವನ್ನು ಗೆಳತಿಗೆ ಕೊಟ್ಟುಬಿಟ್ಟೆ. ಅವಳೂ ಉದ್ದವಾಗಲಿಲ್ಲ, ನಾನೂ ನಿಲ್ಲಲಿಲ್ಲ.

ನಾನು ಪಿಯುಸಿ ಓದುವಾಗ ಮಾವನಿಗೆ ಅರವತ್ತು ತುಂಬಿತು. ಚಾಮರಾಜಪೇಟೆಯ ಛತ್ರವೊಂದರಲ್ಲಿ ಶಾಂತಿ ಮಾಡಿಸಿ, ಮತ್ತೆ ತಾಳಿ ಕಟ್ಟಿಸಿದರು. ಅದಾದ ಮೇಲೆ ಫೋಟೊ ತೆಗೆಯುವವರು ಇಬ್ಬರನ್ನೂ ಜೊತೆಗೆ ನಿಲ್ಲಿಸಿದರು. ಕುರ್ಚಿ ಇರಲಿಲ್ಲ. ಅತ್ತೆ ಸೀರೆಯೊಳಗೇ ಮಂಡಿ ಮಡಿಸಿದರು. ನೆರಿಗೆ ನೆಲದ ಮೇಲೆ ಮುದುಡಿಕೊಂಡದ್ದು ಪಕ್ಕದಲ್ಲಿದ್ದ ನನಗೆ ಕಂಡಿತು. ಮಾವನಿಗೂ ಕಂಡಿರಬೇಕು.

"ನೆಟ್ಟಗೆ ನಿಂತ್ಕೊಳ್ಳೇ ಶಾರದಾ," ಅಂದರು. "ನಾನು ಕುಳ್ಳ ಅಂತ ಊರಿಗೆಲ್ಲ ಗೊತ್ತು. ನೀನು ಬಗ್ಗಿದ್ರೆ ನಾನೇನು ಬೆಳೀತೀನಾ?"

ಛತ್ರಕ್ಕೆ ಛತ್ರವೇ ನಕ್ಕಿತು. ಅತ್ತೆಯೂ ನಕ್ಕು ನೆಟ್ಟಗೆ ನಿಂತರು. ಫೋಟೊ ಆಯಿತು. ಊಟಕ್ಕೆ ಕರೆಯಲು ಹುಡುಕಿದರೆ, ಕೈ ತೊಳೆಯುವ ಜಾಗದಲ್ಲಿ ಒಬ್ಬರೇ ನಿಂತು ಅಳುತ್ತಿದ್ದರು.

"ಮಾವನಿಗೆ ಬೇಜಾರೇ ಇರ್ಲಿಲ್ವಲ್ಲ ಅತ್ತೆ," ಅಂದೆ. "ಮತ್ತೆ ಯಾರಿಗೋಸ್ಕರ ಇಷ್ಟು ವರ್ಷ ಬಗ್ಗಿದ್ರಿ?"

ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಮದುವೆ ದಿನ ಅಮ್ಮ ಕಿವೀಲಿ ಹೇಳಿದ್ರು, ಸ್ವಲ್ಪ ಬಗ್ಗಿರು ಅಂತ. ಎಲ್ಲೀವರೆಗೆ ಅಂತ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ ಕಣೆ."

ಇನ್ನು ಅತ್ತೆ ತಲೆಯೆತ್ತಿ ನಡೆಯುತ್ತಾರೆಂದು ಕಾದೆ. ಮರುದಿನ ತರಕಾರಿ ಚೀಲ ಹಿಡಿದು ಬಂದರು, ಅದೇ ಬಗ್ಗಿದ ಕತ್ತು. ನೆಟ್ಟಗಾಗಲು ಹೋದರೆ ಬೆನ್ನು ನೋಯುತ್ತಂತೆ. ಅದನ್ನಾದರೂ ಒಪ್ಪಬಹುದು. ಒಪ್ಪಲಾಗದ್ದು ಇನ್ನೊಂದಿದೆ. ಕೆಲವು ವರ್ಷಗಳ ಮೇಲೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅವರನ್ನು ಕಳಿಸಿಕೊಡಲೆಂದು ಗೇಟಿನವರೆಗೆ ಹೊರಟಾಗ ಇದೇ ಅತ್ತೆ ನನ್ನ ತೋಳು ಹಿಡಿದು, "ಹೀಲ್ಸ್ ಬೇಡ ಕಣೆ, ಬರಿಗಾಲಲ್ಲೇ ಹೋಗು" ಎಂದು ಪಿಸುಗುಟ್ಟಿದರು. ದನಿಯಲ್ಲಿ ಬರೀ ಪ್ರೀತಿ. ಹುಡುಗ ನನಗಿಂತ ಎತ್ತರವೇ ಇದ್ದರು. ಆದರೂ ಬರಿಗಾಲಲ್ಲೇ ಹೋದೆ. ಛತ್ರದಲ್ಲಿ ಅತ್ತಿದ್ದ ಅತ್ತೆಯನ್ನು ನಂಬಬೇಕೋ, ಪಿಸುಗುಟ್ಟಿದ ಅತ್ತೆಯನ್ನು ನಂಬಬೇಕೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೇಳೋಣವೆಂದರೆ ಅವರೂ ಇಲ್ಲ.

ಒಲೆ ಆರಿಸಿ ಮಗಳ ಕೋಣೆಗೆ ಹೋದೆ. ಫೋನು, ಜಾಹೀರಾತು, ಕಾಲೇಜಿನ ಗೆಳತಿಯರು, ಬೈಯಲು ಎಲ್ಲರನ್ನೂ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿಕೊಂಡಿದ್ದೆ.

"ತೋಳು ದಪ್ಪ ಇದ್ರೆ ಚೆನ್ನಾಗಿರಲ್ಲ ಅಂತ ನಿಂಗೆ ಯಾರೇ ಹೇಳಿದ್ದು?"

ಅವಳು ತಲೆಯೆತ್ತಲಿಲ್ಲ. "ಯಾರೂ ಹೇಳಿಲ್ಲಮ್ಮ. ನಿಂಗೇ ಇಷ್ಟ ಇಲ್ಲ ಅನ್ಕೊಂಡೆ. ಫೋಟೊ ಅಂದ್ರೆ ಸಾಕು, ನನ್ನನ್ನ ಮುಂದಕ್ಕೆ ಎಳ್ಕೊಂಡು ನೀನು ಹಿಂದೆ ನಿಂತ್ಕೋತೀಯಲ್ಲ."

ಮೈಯ ವಿಷಯ ಮಗಳ ಹತ್ತಿರ ಒಂದು ಮಾತೂ ಆಡಿದವಳಲ್ಲ ನಾನು. ಅದು ನನ್ನ ದೊಡ್ಡಸ್ತಿಕೆ ಎಂದೇ ತಿಳಿದಿದ್ದೆ. ಹೊರಗೆ ಸುಡು ಬಿಸಿಲು, ಮನೆಯಲ್ಲಿ ನಾವಿಬ್ಬರೇ, ಚೂಡಿದಾರದ ವೇಲನ್ನು ನಾನು ಎರಡೂ ತೋಳಿನ ಮೇಲೆ ಹೊದ್ದುಕೊಂಡಿದ್ದೆ. ತೆಗೆದೆ. ಎಲ್ಲಿ ಹಾಕಬೇಕೆಂದು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ.