ಉಸಿರೆಣಿಸುವ ದಾನಮ್ಮ

ದಾನಮ್ಮ ಸಿಸ್ಟರ್ ಸುಮ್ಮನೆ ಕೂತಿದ್ದನ್ನು ನಾನು ಕಂಡಿಲ್ಲ. ಹಾವೇರಿ ಕಡೆಯವರು, ಈಗ ಇರುವುದು ಬೆಂಗಳೂರಿನಲ್ಲಿ. ಹೇರೋಹಳ್ಳಿಯಿಂದ ಎರಡು ಬಸ್ಸು ಬದಲಿಸಿ ರಾಜಾಜಿನಗರದ ನಮ್ಮ ನರ್ಸಿಂಗ್ ಹೋಮಿಗೆ ಬಂದವರೇ, ಬ್ಯಾಗು ಇಡುವ ಮೊದಲೇ ವಾರ್ಡಿಗೆ ಒಂದು ಸುತ್ತು ಹಾಕುತ್ತಾರೆ. ರೋಗಿಯ ಕೈ ಹಿಡಿಯುತ್ತಾರೆ. ನಾಡಿ ನೋಡುತ್ತಿದ್ದಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಅವರ ಕಣ್ಣು ಎದೆಯ ಮೇಲಿರುತ್ತದೆ. ಎಣಿಸುತ್ತಿರುವುದು ಉಸಿರನ್ನು. ಗೊತ್ತಾದರೆ ರೋಗಿ ಬೇರೆ ಥರ ಉಸಿರಾಡುತ್ತಾನಂತೆ.

ಅದೇ ವಾರ್ಡಿನ ನರ್ಸ್ ನಾನು, ಆಗ ನನಗೆ ಇದೆಲ್ಲ ಕಿರಿಕಿರಿ. ಹದಿನಾಲ್ಕು ಹಾಸಿಗೆ, ಪಾಳಿಗೆ ಇಬ್ಬರು. ಒಬ್ಬೊಬ್ಬರಿಗೆ ಪೂರ್ತಿ ಒಂದು ನಿಮಿಷ ಎಲ್ಲಿಂದ ತರಲಿ? ಬಿಪಿ, ಜ್ವರ ಯಂತ್ರವೇ ತೋರಿಸುತ್ತದೆ. ಉಸಿರಿನ ಕಾಲಂನಲ್ಲಿ ನಾವೆಲ್ಲ ಕಣ್ಣುಮುಚ್ಚಿ ಇಪ್ಪತ್ತು ಬರೆಯುತ್ತಿದ್ದೆವು. ಬದುಕಿರುವವರಿಗೆಲ್ಲ ಇಪ್ಪತ್ತು.

ಆ ಬುಧವಾರ ಬೆಳಿಗ್ಗೆಯಿಂದ ಚಿಕ್ಕಗಂಗಮ್ಮನಿಗೂ ಅದನ್ನೇ ಬರೆದಿದ್ದೆ. ಶ್ರೀಗಂಧದ ಕಾವಲು ಬಡಾವಣೆಯ ಅಜ್ಜಿ, ಪಿತ್ತಕೋಶದ ಆಪರೇಷನ್ ಆಗಿ ಎರಡು ದಿನ. ಆಸ್ಪತ್ರೆಯ ಇಡ್ಲಿಯನ್ನು ಬೈಯಲು ಶುರುಮಾಡಿದರೆ ನಿಲ್ಲಿಸುವವರಲ್ಲ.

ಎರಡು ಗಂಟೆಗೆ ಬಂದ ದಾನಮ್ಮ ಸಿಸ್ಟರ್ "ಇವತ್ತ ಇಡ್ಲಿ ಹೆಂಗಿತ್ತಬೇ ಯವ್ವಾ?" ಅಂದರು.

"ಕಲ್ಲು... ಕಣವ್ವ." ಅಜ್ಜಿ ಅಷ್ಟಕ್ಕೇ ಸುಮ್ಮನಾದರು.

ಸಿಸ್ಟರ್ ಕೈ ಹಿಡಿದರು. ಒಂದು ನಿಮಿಷ ಎಣಿಸಿ, ನಂಬಿಕೆ ಬರದೆ ಮತ್ತೊಂದು ನಿಮಿಷ ಎಣಿಸಿದರು. "ಮೂವತ್ನಾಕು. ಜಲಜಾ, ಡಾಕ್ಟರಿಗೆ ಫೋನ್ ಹಚ್ಚು."

ಹಚ್ಚಿ, ಉಸಿರು ಮೂವತ್ನಾಲ್ಕು ಅಂತ ಹೇಳಿದೆ.

"ಒಂದು ಗಂಟೆಗೆ ನೋಡಿದಾಗ ಎಷ್ಟಿತ್ತು?" ಅಂದರು ಡಾಕ್ಟರ್.

"ಇಪ್ಪತ್ತು, ಸಾರ್."

"ಹಾಗಾದ್ರೆ ಈಗ ತಪ್ಪು ಎಣಿಸಿದೀರ. ಬಿಪಿ ಸರಿ ಇದೆಯಲ್ಲಮ್ಮ. ಓಪಿಡಿ ಮುಗಿಸಿ ಬರ್ತೀನಿ."

ದಾನಮ್ಮ ಸಿಸ್ಟರ್ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹಾಸಿಗೆಯ ಮೇಲೆ ಅಜ್ಜಿಯ ಬೆರಳುಗಳು ಹೊದಿಕೆಯನ್ನು ಸುಮ್ಮಸುಮ್ಮನೆ ಎಳೆಯುತ್ತಿದ್ದವು. ನನ್ನ ಸುಳ್ಳು ಇಪ್ಪತ್ತು ಅವರ ನಿಜವಾದ ಮೂವತ್ನಾಲ್ಕನ್ನು ನುಂಗಿಹಾಕಿತ್ತು. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಅಜ್ಜಿ ಹೋಗಬಹುದು. ನಾಚಿಕೆಗಿಂತ ಭಯವೇ ಜಾಸ್ತಿಯಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

"ಸಾರ್, ಫೋನಿಡ್ಬೇಡಿ. ಇಪ್ಪತ್ತು ನಾನು ಎಣಿಸಿದ್ದಲ್ಲ. ಬೆಳಿಗ್ಗೆಯಿಂದ ಸುಮ್ನೆ ಬರೆದಿದೀನಿ. ಯಾವಾಗಿಂದ ಹೀಗಿದೆಯೋ ಗೊತ್ತಿಲ್ಲ."

ಆ ಕಡೆ ಕುರ್ಚಿ ಎಳೆದ ಸದ್ದು, ಮೆಟ್ಟಿಲ ಮೇಲೆ ಓಡುವ ಹೆಜ್ಜೆ.

ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ನನಗೆ ಮೆಮೊ ಬಂತು, ಕೆಲಸ ಉಳಿಯಿತು. ಆರನೇ ದಿನ ಐಸಿಯುನಿಂದ ವಾರ್ಡಿಗೆ ಮರಳಿದ ಅಜ್ಜಿಯ ಕೈ ಹಿಡಿದು ನಿಂತೆ.

"ಎಷ್ಟೊತ್ತವ್ವ ಹಿಡ್ಕೋತೀಯಾ? ಆ ಇಡ್ಲಿ ಮಾಡೋನ ಕೈ ಹಿಡಿ ಹೋಗು, ಮಾಡೋದನ್ನ ನಿಲ್ಲಿಸ್ಲಿ," ಅಂದರು ಅಜ್ಜಿ, ಒಂದೇ ಉಸಿರಿಗೆ.

ಹದಿನೆಂಟು ಅಂತ ಬರೆದೆ. ತಲೆಯೆತ್ತಿದರೆ, ಬಾಗಿಲ ಬಳಿ ದಾನಮ್ಮ ಸಿಸ್ಟರ್ ಗಡಿಯಾರ ಹಿಡಿದು ತಾವೂ ಎಣಿಸುತ್ತಿದ್ದರು. ಅವರಿಗೆ ನನ್ನ ಮೇಲೆ ಇನ್ನೂ ನಂಬಿಕೆ ಬಂದಿಲ್ಲ. ನನಗೂ ಬಂದಿಲ್ಲ. ಇನ್ನೊಂದು ಸಲ ಎಣಿಸಿದೆ.